ಮಡಿಕೇರಿಯಲ್ಲಿ ನಡುಹಗಲು ಎಷ್ಟು ಗಂಟೆಗೆ?

'ಗಡಿಯಾರದಲ್ಲಿ 12 ಹೊಡೆದಾಗ ಕೋಲಿನ ನೆರಳು ಅತಿ ಗಿಡ್ಡ' ಎಂದು ಒಂದು ಲೇಖನದಲ್ಲಿದೆ. ನೆರಳು ಅತಿ ಗಿಡ್ಡವಾಗುವ ಆ ಹೊತ್ತೇ ನಡುಹಗಲು. ಕೊಡಗಿನಲ್ಲಿ ಅದು ನಡೆಯುವುದಿಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು; ಮಡಿಕೇರಿ ಇರುವುದು ಸುಮಾರು 75.7ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮಗೆ ನಡುಹಗಲು 27 ನಿಮಿಷ ತಡ, ಅಂದರೆ 12:27ಕ್ಕೆ.

ಅದೂ ವರ್ಷದ ಸರಾಸರಿ. ಭೂಮಿಯ ಕಕ್ಷೆ ದೀರ್ಘವೃತ್ತ, ಸಾಲದ್ದಕ್ಕೆ ಅಕ್ಷವೂ ವಾಲಿದೆ. ಹಾಗಾಗಿ ಒಂದು ನಡುಹಗಲಿನಿಂದ ಮರುದಿನದ್ದಕ್ಕೆ ಸರಿಯಾಗಿ 24 ಗಂಟೆ ಇರುವುದಿಲ್ಲ. ದಿನಕ್ಕೆ ಹೆಚ್ಚೆಂದರೆ ಅರ್ಧ ನಿಮಿಷದ ವ್ಯತ್ಯಾಸ, ಆದರೆ ಕೂಡುತ್ತಾ ಹೋಗುತ್ತದೆ. ನವೆಂಬರ್ ಆರಂಭದಲ್ಲಿ ಮಡಿಕೇರಿಯ ನಡುಹಗಲು ಸುಮಾರು 12:11ಕ್ಕೆ, ಫೆಬ್ರುವರಿ ನಡುವೆ 12:41ಕ್ಕೆ.

ಅಳೆಯುವವರು ಅತಿ ಗಿಡ್ಡ ನೆರಳಿಗೆ ಕಾಯಬೇಡಿ. ಆ ಹೊತ್ತಿಗೆ ನೆರಳಿನ ಉದ್ದ ಬದಲಾಗುವುದು ಕಣ್ಣಿಗೇ ಕಾಣದು, ತುದಿಯೂ ಮಸುಕು. ತೂಗುಗುಂಡು ಹಿಡಿದು ಕೋಲು ನೆಟ್ಟಗೆ ನಿಲ್ಲಿಸಿ, ಬುಡವನ್ನು ಕೇಂದ್ರವಾಗಿಟ್ಟು ಮಟ್ಟಸವಾದ ನೆಲದಲ್ಲಿ ವೃತ್ತ ಎಳೆಯಿರಿ. ನೆರಳಿನ ತುದಿ ಬೆಳಿಗ್ಗೆ 10:40ಕ್ಕೆ, ಮಧ್ಯಾಹ್ನ 1:42ಕ್ಕೆ ಗೆರೆ ಮುಟ್ಟಿದರೆ ನಡುಹಗಲು ಎರಡರ ನಟ್ಟನಡುವೆ, 12:11ಕ್ಕೆ. ಆ ಎರಡು ಗುರುತುಗಳ ನಡುಬಿಂದುವಿನಿಂದ ಬುಡಕ್ಕೆ ಎಳೆದ ಗೆರೆಯೇ ಉತ್ತರ-ದಕ್ಷಿಣ. ನೆಲ ಇಳಿಜಾರಾಗಿದ್ದರೆ ಎರಡೂ ಕೆಡುತ್ತವೆ; ನಮ್ಮ ಅಂಗಳಗಳಲ್ಲಿ ಅದೇ ದೊಡ್ಡ ತಾಪತ್ರಯ. ಕಾಫಿ ಒಣಗಿಸುವ ಕಣವೂ ನೀರು ಹರಿಯಲೆಂದು ತುಸು ವಾಲಿರುತ್ತದೆ, ಮಟ್ಟ ನೋಡಿಕೊಳ್ಳಿ. ಜೂನ್-ಜುಲೈ ಮಳೆಯಲ್ಲಂತೂ ಈ ಕೆಲಸದ ಮಾತೇ ಬೇಡ.