ಎರಡೇ ನಿಮಿಷ ಕಣಮ್ಮಾ

"ರೋಟಾ ಖಾಲಿ ಇದೆಯಾ?"

ಈ ಬೇಸಿಗೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ವೈಜ್ಞಾನಿಕ ಪ್ರಶ್ನೆ ಇದು. ರೋಟಾ ಅಂದರೆ ರೋಟರಿ ಇವ್ಯಾಪೊರೇಟರ್, ಫ್ಲಾಸ್ಕ್ ತಿರುಗಿಸುತ್ತ ಒಳಗಿನ ದ್ರವ ಆರಿಸುವ ಲ್ಯಾಬ್ ಯಂತ್ರ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಸಿಕ್ಕಿತು ಅಂದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಮಗಳು ಬೆಂಗಳೂರಲ್ಲಿ ಸಂಶೋಧನೆ ಮಾಡ್ತಾಳೆ ಅಂತ. ಮಗಳು ಮಾಡಿದ್ದು ಸರದಿ ಕಾಯುವ ಕೆಲಸ. ಮೊನ್ನೆ ವಾಪಸ್ ಬಂದೆ, ಹೊಟ್ಟೆಯುರಿ ಇನ್ನೂ ಆರಿಲ್ಲ.

ಕೆಮಿಸ್ಟ್ರಿ ಲ್ಯಾಬಿನಲ್ಲಿ ರಿಯಾಕ್ಷನ್ ಹಾಕುವುದೇ ಸುಲಭದ ಕೆಲಸ, ಅಲ್ವಾ? ಆಮೇಲೆ ಶುರು ರಾಮಾಯಣ. ಬಂದ ಮಿಶ್ರಣದಿಂದ ಬೇಕಾದ್ದನ್ನು ಬೇರ್ಪಡಿಸೋಕೆ ಗಾಜಿನ ಕೊಳವೆಗೆ ಸಿಲಿಕಾ ತುಂಬಿ ಕಾಲಮ್ ಹಾಕಬೇಕು. ಹೆಕ್ಸೇನ್, ಈಥೈಲ್ ಅಸಿಟೇಟ್ ಅಂತ ಸಾಲ್ವೆಂಟ್ (ಕರಗಿಸುವ ದ್ರವ) ಸುರಿಯುತ್ತ ನಿಲ್ಲಬೇಕು. ಟಿಎಲ್‌ಸಿ (ಸಿಲಿಕಾ ಬಳಿದ ಪುಟ್ಟ ಪ್ಲೇಟಿನ ಪರೀಕ್ಷೆ) ಹಾಕಿ, 254 ನ್ಯಾನೋಮೀಟರ್ ಯುವಿ ದೀಪದ ಕೆಳಗೆ ಸ್ಪಾಟ್ ಎಲ್ಲಿ ಅಂತ ಹುಡುಕಬೇಕು. ಕಾಲಮ್‌ನಿಂದ ಇಳಿದದ್ದರಲ್ಲಿ ಬೇಕಾದ ಫ್ರಾಕ್ಷನ್‌ಗಳನ್ನೆಲ್ಲ (ಪಾಲುಗಳನ್ನೆಲ್ಲ) ಒಂದು ದುಂಡು ತಳದ ಫ್ಲಾಸ್ಕಿಗೆ ಬಗ್ಗಿಸಿ, ಸಾಲ್ವೆಂಟ್ ಓಡಿಸೋಕೆ ರೋಟಾಗೆ ಸಿಕ್ಕಿಸಬೇಕು. ಈಥೈಲ್ ಅಸಿಟೇಟ್ ಸುಮ್ನೆ ಕಾಯಿಸಿದರೆ 77 ಡಿಗ್ರಿಗೆ ಕುದಿಯುತ್ತದೆ. ರೋಟಾದಲ್ಲಿ ಪಂಪ್ ಗಾಳಿ ಎಳೆದು ಒತ್ತಡ ಇಳಿಸುತ್ತದೆ, ಹಾಗಾಗಿ 40 ಡಿಗ್ರಿ ನೀರಿನಲ್ಲೇ ಹಾರಿಹೋಗುತ್ತದೆ. ಒಳ್ಳೆ ಯಂತ್ರ. ಇದ್ದದ್ದು ಒಂದೇ. ಅದೂ ನಮ್ಮ ಸೀನಿಯರ್ ಅಣ್ಣನ ಪಿತ್ರಾರ್ಜಿತ.

ಅಣ್ಣ ಕೆಟ್ಟವರಲ್ಲ. ಕೇಳಿದರೆ ಕಾಲಮ್ ಹಾಕಿ ತೋರಿಸುತ್ತಾರೆ, ಕಾಫಿ ಕೊಡಿಸುತ್ತಾರೆ. ರೋಟಾ ಒಂದನ್ನು ಮಾತ್ರ ಬಿಡುವುದಿಲ್ಲ. "ಎರಡೇ ನಿಮಿಷ ಕಣಮ್ಮಾ" ಅನ್ನುತ್ತಾರೆ. ನಾನು ಮೆಸ್ಸಿಗೆ ಹೋಗಿ ಊಟ ಮಾಡಿ, ಮನೆಗೆ ಫೋನ್ ಮಾಡಿ ಬಂದರೂ ಅವರ ಫ್ಲಾಸ್ಕ್ ತಿರುಗುತ್ತಲೇ ಇರುತ್ತಿತ್ತು.

ಒಂದು ಸಂಜೆ ಫ್ಲಾಸ್ಕ್ ಕೈಯಲ್ಲಿ ಹಿಡಿದು ರೋಟಾ ಪಕ್ಕ ನಿಂತಿದ್ದೆ. ಪಂಪ್ ಗುರ್ರ್ ಅನ್ನುತ್ತಿದೆ. ಅಣ್ಣನ ಫ್ಲಾಸ್ಕ್ ಗಂಭೀರವಾಗಿ ತಿರುಗುತ್ತಿದೆ. ಆದರೆ ಹಾರಿದ ಸಾಲ್ವೆಂಟ್ ತಣಿದು ಬೀಳುವ ಕಡೆ ಒಂದು ಹನಿಯೂ ಬೀಳುತ್ತಿಲ್ಲ. ಯಾವ ಭಾರೀ ಸಾಲ್ವೆಂಟೋ ಏನೋ ಅಂತ ಭಕ್ತಿಯಿಂದ ಬಗ್ಗಿ ನೋಡಿದೆ. ಒಳಗೆ ಏನೂ ಇಲ್ಲ. ಪಸೆ ಕೂಡ ಇಲ್ಲ. ಬರೀ ಫ್ಲಾಸ್ಕ್! ಬೀದಿ ನಲ್ಲಿಯ ಮುಂದೆ ಖಾಲಿ ಕೊಡ ಇಟ್ಟು ಮನೆಗೆ ಹೋಗುತ್ತಾರಲ್ಲ, ಹಾಗೆ. ಕೊಡವಾದರೂ ತೆಪ್ಪಗೆ ಕೂತಿರುತ್ತದೆ, ಇದು ಕರೆಂಟ್ ತಿಂದು ಸುತ್ತುತ್ತಿತ್ತು.

ಅಣ್ಣ ಟೀ ಮುಗಿಸಿ ಬಂದರು.

"ಖಾಲಿ ಫ್ಲಾಸ್ಕ್ ಯಾಕಣ್ಣಾ?"

"ಜಾಗ ಹಿಡಿದಿದೀನಮ್ಮಾ. ಬಿಟ್ರೆ ಯಾರಾದ್ರೂ ಹಾಕ್ಬಿಡ್ತಾರೆ."

ಆ ಯಾರಾದ್ರೂ ನಾನೇ.

"ಸರಿ, ತಿರುಗಿಸೋದು ಯಾಕೆ?"

"ನಿಲ್ಸಿದ್ರೆ ನೀನು ತೆಗೆದಿಡ್ತೀಯ."

ಇಂಥವರಿಗೆ ಪಿಎಚ್‌ಡಿ ಕೊಡದೆ ಇನ್ಯಾರಿಗೆ ಕೊಡುತ್ತಾರೆ?

ನನ್ನ ಫ್ಲಾಸ್ಕಿಗೆ ಮಾತ್ರ ಈ ಮರ್ಯಾದೆ ಇಲ್ಲ. ಒಮ್ಮೆ ಹೇಗೋ ಸಿಕ್ಕಿಸಿ ಆ ಕಡೆ ಹೋಗಿದ್ದೇ ತಡ, "ನಿಂದು ಆಗಿತ್ತು, ತೆಗೆದಿಟ್ಟೆ" ಅಂದರು. ಮತ್ತೆ ಹಾಕೋಣ ಅಂದರೆ ಆಗಲೇ ಅವರದು ತಿರುಗುತ್ತಿದೆ. ಅಣುವಿನ ಗುರುತು ಹೇಳುವ ಎನ್‌ಎಂಆರ್ ಯಂತ್ರಕ್ಕೆ ಸ್ಯಾಂಪಲ್ ಕೊಡುವ ಹೊತ್ತು ಮೀರುತ್ತಿತ್ತು, ಪೂರ್ತಿ ಆರದಿದ್ದರೂ ಹಾಗೇ ಕೊಟ್ಟೆ. ಸ್ಪೆಕ್ಟ್ರಮ್ ಬಂತು. 4.12, 2.05, 1.26ರಲ್ಲಿ ಗೋಪುರದಂಥ ಪೀಕ್‌ಗಳು. ಗೈಡ್ ಕನ್ನಡಕ ಏರಿಸಿ ನೋಡಿದರು. "ಈಥೈಲ್ ಅಸಿಟೇಟ್ ಚೆನ್ನಾಗಿ ಬಂದಿದೆ. ಆದ್ರೆ ಇದು ಬಾಟಲೀಲೇ ಸಿಗುತ್ತಲ್ಲಮ್ಮಾ?" ಹಿಂದೆ ನಿಂತಿದ್ದ ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕರು.

ಈ ಕಥೆ ಹೇಳಿದರೆ ಅಮ್ಮ ಹಿಡಿದದ್ದು ಬೇರೆಯದನ್ನೇ. "ಮನೇಲಿ ಒಂದು ಲೋಟ ತೊಳೆಯದವಳು, ಅಲ್ಲಿ ದಿನಾ ಗಾಜಿನ ಪಾತ್ರೆ ತೊಳೀತೀಯಾ? ಅದೂ ಅಸಿಟೋನ್ ಹಾಕಿ?" ಅಂತ. ಆಮೇಲೆ, ಹಲಸಿನ ಹಪ್ಪಳ ಒಣಹಾಕಿದ್ದೀವಿ ಅಂದಳು. ಪ್ರತಿ ಬೇಸಿಗೆ ಅಂಗಳದಲ್ಲಿ ಕೂತು ಕಾಗೆ ಓಡಿಸುವ ಕೆಲಸ ನನ್ನದು. ಅಲ್ಲೂ ಕಾಯುವುದೇ. ಆದರೆ ಅಲ್ಲಿ ಹಸಿ ಹಪ್ಪಳ ಕದ್ದು ತಿನ್ನಬಹುದಿತ್ತು. ಫೋನ್ ಇಟ್ಟಮೇಲೆ ಸ್ವಲ್ಪ ಹೊತ್ತು ಲ್ಯಾಬಿಗೆ ಹೋಗುವ ಮನಸ್ಸಾಗಲಿಲ್ಲ.

ಕೊನೆಗೆ ಯಾರೋ ದೂರು ಕೊಟ್ಟರು. (ನಾನಲ್ಲ. ಆದರೆ ಬರೆದು ಕೊಟ್ಟಿದ್ದು ನಾನು.) ಗೈಡ್ ರೋಟಾ ಪಕ್ಕ ದಾರ ಕಟ್ಟಿದ ಪೆನ್ನಿನ ಸಮೇತ ಒಂದು ಬುಕಿಂಗ್ ಪುಸ್ತಕ ಇಡಿಸಿದರು. ಇನ್ನು ನ್ಯಾಯ ಸಿಕ್ಕಿತು ಅಂತ ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ತೆರೆದೆ. ಮೊದಲ ಪುಟ ಭರ್ತಿ. ಮೇಲಿನಿಂದ ಕೆಳಗಿನವರೆಗೆ ಅಣ್ಣನದೇ ದುಂಡು ಅಕ್ಷರ. ಅವಧಿ ಅನ್ನುವ ಕಡೆ ಪ್ರತಿ ಸಾಲಿನಲ್ಲೂ "2 ನಿಮಿಷ".