90 ಮೀಟರ್ ಏಣಿ, ಆರಡಿ ಗಲ್ಲಿ

ಬೆಂಗಳೂರಲ್ಲಿ ಎಲ್ಲಾದರೂ ಬೆಂಕಿ ಬಿದ್ದು ಜನ ಸತ್ತರೆ ಮರುದಿನದ ಪೇಪರ್ ತೆರೆಯದೆಯೇ ಸುದ್ದಿ ಹೇಳಿಬಿಡಬಹುದು. ಮಂತ್ರಿಗಳ ಭೇಟಿ, ಪರಿಹಾರ, ಎಲ್ಲ ಕಟ್ಟಡಗಳಿಗೂ ಫೈರ್ ಆಡಿಟ್. ವಾರ ಕಳೆದರೆ ತುರ್ತು ಸೇವೆಗೆ ‘ಸಮಗ್ರ ಯೋಜನೆ’. ಸಮಗ್ರ ಬಂತು ಅಂದ್ರೆ ಮುಗೀತು, ಇನ್ನು ಯಾರೂ ಏನೂ ಮಾಡಬೇಕಾಗಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದವರನ್ನು ನೋಡಿ ಹಿರಿಯರು ನಕ್ಕರಂತೆ. ಪಾಪ, ಅವರು ತೋಡಿದ್ದರಾದರೂ! ನಮ್ಮವರು ಬಾವಿಗೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡಿಸಿ ಫೈಲನ್ನು ಹಣಕಾಸು ಇಲಾಖೆಗೆ ಕಳಿಸುತ್ತಾರೆ.

ಹಾಗಂತ ಏನೂ ಮಾಡಿಲ್ಲ ಅನ್ನಬಾರದು. 90 ಮೀಟರ್ ಏಣಿ ತಂದಿದ್ದೇವಲ್ಲ! 2023ರಲ್ಲಿ ವಿಧಾನಸೌಧದ ಮುಂದೆ ಅದನ್ನು ನಿಲ್ಲಿಸಿದಾಗ ಫೋಟೋ ನೀವೂ ನೋಡಿರುತ್ತೀರಿ. ಹೆಚ್ಚುಕಮ್ಮಿ ಮೂವತ್ತನೇ ಮಹಡಿಗೆ ಮುಟ್ಟುತ್ತದೆ. ಭಲೇ ಏಣಿ. ಬೆಂಕಿಗೆ ಮಾತ್ರ ಬುದ್ಧಿಯಿಲ್ಲ. ಅಗಲವಾದ ರಸ್ತೆ, ಸುತ್ತ ಖಾಲಿ ಜಾಗ, ಎದುರಿಗೆ ಕ್ಯಾಮೆರಾ ಇರುವಲ್ಲಿ ಬೀಳುವುದು ಬಿಟ್ಟು ಪೇಟೆಯ ಗಲ್ಲಿಯಲ್ಲಿ ಬೀಳುತ್ತದೆ.

ಚಿಕ್ಕಪೇಟೆ, ನಗರ್ತಪೇಟೆ ಕಡೆ ಹೋಗಿದ್ದೀರಲ್ವಾ? ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಕೆಳಗೆ ಅಂಗಡಿ, ಮೇಲೆ ಗೋಡೌನ್, ಅದರ ಮೇಲೆ ಸಂಸಾರ. ಮೆಟ್ಟಿಲ ಕೆಳಗೆ ಸಾಲಾಗಿ ಕರೆಂಟ್ ಮೀಟರ್, ಅದಕ್ಕೆ ಒರಗಿಸಿದ ಬಟ್ಟೆ ಬಂಡಲ್, ಬಂಡಲ್ ಮೇಲೆ ಕೂತು ಟೀ ಕುಡಿಯುವ ಹುಡುಗರು. ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇರುತ್ತದೆ, ಇಲ್ಲ ಅನ್ನಲ್ಲ. ಅದಕ್ಕೆ ವಾಚ್‌ಮನ್ ಶರ್ಟ್ ನೇತು ಹಾಕಿರುತ್ತಾನೆ. ಕೊನೇ ಸಲ ತುಂಬಿಸಿದ ತಾರೀಖು ಓದಲು ಶಾಸನ ಓದುವವರೇ ಬರಬೇಕು.

ಸರಿ, ಫೋನ್ ಮಾಡೋಣ. 101 ಇದೆ, 108 ಇದೆ, ಎಲ್ಲದಕ್ಕೂ ಸೇರಿ 112 ಇದೆ. ನಂಬರಿಗೆ ಬರವಿಲ್ಲ. ಕಷ್ಟ ಇರುವುದು ವಿಳಾಸ ಹೇಳುವುದರಲ್ಲಿ.

‘ಎಲ್ಲಿ ಸಾರ್?’

‘ಮೂರನೇ ಮೇನ್, ಐದನೇ ಕ್ರಾಸ್.’

‘ಯಾವ ಸ್ಟೇಜು? ಯಾವ ಬ್ಲಾಕು?’

‘ಅದೇ ಸಾರ್, ಅಯ್ಯಂಗಾರ್ ಬೇಕರಿ ಪಕ್ಕ.’

ಬೆಂಗಳೂರಲ್ಲಿ ಅಯ್ಯಂಗಾರ್ ಬೇಕರಿ ಪಕ್ಕ ಇಲ್ಲದ ಮನೆ ಯಾವುದ್ರೀ? ಐದನೇ ಕ್ರಾಸ್ ಆದಮೇಲೆ ಐದು ಎ, ಐದು ಬಿ, ಆಮೇಲೆ ಸೀದಾ ಹನ್ನೊಂದು. ಇಡ್ಲಿ ತರುವ ಹುಡುಗನೇ ಕೈಯಲ್ಲಿ ಮ್ಯಾಪ್ ಹಿಡಿದು ‘ಕೆಳಗೆ ಬರ್ತೀರಾ ಸಾರ್’ ಅಂತ ಫೋನ್ ಮಾಡ್ತಾನೆ. 2025ರ ಸೆಪ್ಟೆಂಬರ್‌ನಿಂದ ಒಂದಿದ್ದ ಪಾಲಿಕೆ ಐದಾಗಿದೆ, ಮೇಲೊಂದು ಪ್ರಾಧಿಕಾರ. ಮೊದಲು ‘ಅದು ಬೆಸ್ಕಾಂದು, ಇದು ಜಲಮಂಡಳಿದು’ ಅಂತಿದ್ದರು. ಈಗ ರಸ್ತೆಯ ಈ ಬದಿ ಕೇಂದ್ರ ಪಾಲಿಕೆ, ಆ ಬದಿ ಪಶ್ಚಿಮ ಪಾಲಿಕೆ ಅಂತಲೂ ಹೇಳಬಹುದು. ಕೈ ತೊಳೆದುಕೊಳ್ಳಲು ಇನ್ನೂ ನಾಲ್ಕು ನಲ್ಲಿ ಹಾಕಿಸಿಕೊಟ್ಟ ಹಾಗಾಯ್ತು.

ಅಂದಹಾಗೆ, ಲೋಕವೆಲ್ಲ ಕೆರೆ ನೀರಿನಿಂದ ಬೆಂಕಿ ಆರಿಸುತ್ತದೆ. ಬೆಳ್ಳಂದೂರಿನಲ್ಲಿ ಕೆರೆಗೇ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಅದನ್ನು ಆರಿಸಲು ಸೈನಿಕರು ಬರಬೇಕಾಯ್ತು. ಇದಕ್ಕೆ ಯಾವ ಕನ್ಸಲ್ಟೆಂಟ್ ತಾನೇ ಯೋಜನೆ ಬರೆದಾನು?

ತಮಾಷೆ ಸಾಕು. 2010ರ ಫೆಬ್ರುವರಿಯಲ್ಲಿ ಕಾರ್ಲ್‌ಟನ್ ಟವರ್ಸ್ ಅನ್ನೋ ಆಫೀಸು ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅದರಲ್ಲಿದ್ದರು. 2025ರ ಆಗಸ್ಟಿನಲ್ಲಿ ನಗರ್ತಪೇಟೆಯಲ್ಲಿ ಇಬ್ಬರು ಮಕ್ಕಳು ಸೇರಿ ಐದು ಜನ ಹೋದರು. ನಡುವೆ ಹದಿನೈದು ವರ್ಷ. ಅಷ್ಟರಲ್ಲಿ ಎಷ್ಟು ಆಡಿಟ್, ಎಷ್ಟು ನೋಟಿಸ್, ಎಷ್ಟು ಸಭೆ! ಸಭೆಯಲ್ಲಿ ಕೂತವರಿಗೆ ಒಂದು ಮೆಟ್ಟಿಲು ಖಾಲಿ ಮಾಡಿಸಲು ಆಗಲಿಲ್ಲ. ಕೊನೆಗೆ ಲಾರಿಯನ್ನು ಮೇನ್ ರೋಡಲ್ಲಿ ಬಿಟ್ಟು, ಹೆಗಲ ಮೇಲೆ ಪೈಪ್ ಹೊತ್ತು ಹೊಗೆಯೊಳಗೆ ನುಗ್ಗುವವನು ಫೈರ್‌ಮನ್. ಯೋಜನೆ ಮಾಡುವಾಗ ಅವನನ್ನು ಯಾರಾದರೂ ಕರೆದು ಕೇಳಿದ್ದಾರಾ?

ಗೋಡೌನಿಗೆ ಲೈಸೆನ್ಸ್ ಕೊಟ್ಟವರು ಯಾರು, ಅದರ ಮೇಲೆ ಮನೆ ಏಳುವಾಗ ಸುಮ್ನಿದ್ದವರು ಯಾರು ಅಂತ ನೋಡಲು ಹತ್ತು ವರ್ಷದ ಯೋಜನೆ ಬೇಕಾ? ಒಬ್ಬ ಎಂಜಿನಿಯರ್, ಒಂದು ಬೈಕು, ಒಂದು ಸೋಮವಾರ ಬೆಳಿಗ್ಗೆ ಸಾಕು. ಆದರೆ ಹಾಗೆ ಹೋದ ಎಂಜಿನಿಯರು ಮಧ್ಯಾಹ್ನ ವಾಪಸ್ ಬರುವಾಗ ಜೇಬು ಎಷ್ಟು ದಪ್ಪ ಆಗಿರುತ್ತೆ ಅಂತ ನಿಮಗೂ ಗೊತ್ತು, ಕಳಿಸಿದವರಿಗೂ ಗೊತ್ತು.