ಹೊರದೇಶದಲ್ಲಿ ಅಗ್ಗದ ಮೀನನ್ನೇ ಕೇಳಿ

ಕೆಲಸದ ಮೇಲೆ ಹೊರದೇಶಕ್ಕೆ ಹೋದಾಗ ಮೀನು ತಿನ್ನುವ ಆಸೆಯಿದ್ದವರು ಅಲ್ಲಿನ ದುಬಾರಿ ಮೀನನ್ನು ಹುಡುಕಿಕೊಂಡು ಹೋಗದೆ, ಆ ಊರಿನವರು ಆ ತಿಂಗಳಲ್ಲಿ ತಮ್ಮ ಮನೆಗೆ ಕೊಂಡೊಯ್ಯುವ ಅಗ್ಗದ ಮೀನನ್ನು ಕೇಳಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಸರಕು ಸಾಗಣೆಯ ಕೆಲಸಕ್ಕಾಗಿ ಪೋರ್ಚುಗಲ್‌ನ ಪೋರ್ಟೊ ನಗರಕ್ಕೆ ಅಂಟಿಕೊಂಡಿರುವ ಲೆಯ್ಶೋಯ್ಶ್ ಬಂದರಿಗೆ ಹೋಗಿಬರುವ ನನಗೆ ಈ ಅಭಿಪ್ರಾಯ ಬಲವಾದದ್ದು ಅಲ್ಲಿನ ಸಾರ್ಡೀನ್ ಮೀನಿನಿಂದ, ಅಂದರೆ ನಮ್ಮ ಕರಾವಳಿಯ ಭೂತಾಯಿ ಮೀನಿನ ದಾಯಾದಿಯಿಂದ.

ಮೀಟಿಂಗ್ ಮುಗಿದ ಮೇಲೆ ಅತಿಥಿಗಳನ್ನು ಕರೆದೊಯ್ಯುವ ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ತಟ್ಟೆಗೆ ಬರುವುದು ಸಾಲ್ಮನ್. ಅದು ಪೋರ್ಚುಗಲ್ ಕಡಲಿನಲ್ಲಿ ಹಿಡಿದದ್ದಲ್ಲ. ಯುರೋಪಿನ ಹೋಟೆಲುಗಳಿಗೆ ಬರುವ ಸಾಲ್ಮನ್‌ನ ಬಹುಪಾಲು ನಾರ್ವೆಯಲ್ಲಿ ಸಾಕಿದ್ದು. ಅದನ್ನು ಬೆಂಗಳೂರಿನಲ್ಲಿಯೂ ತಿನ್ನಬಹುದು. ಹೀಗಾಗಿ ಒಂದು ಸಂಜೆ ನಾನು ಬಂದರಿನ ಕಚೇರಿಯ ಸಹೋದ್ಯೋಗಿಯೊಬ್ಬರನ್ನು, ನೀವು ಮನೆಯವರೊಂದಿಗೆ ಎಲ್ಲಿ ಉಣ್ಣುತ್ತೀರೋ ಅಲ್ಲಿಗೇ ಹೋಗೋಣ ಎಂದು ಕೇಳಿಕೊಂಡೆ. ಅವರು ಕರೆದುಕೊಂಡು ಹೋದದ್ದು ಬಂದರಿನ ಪಕ್ಕದಲ್ಲೇ ಇರುವ ಮಾಟೊಸಿನ್ಯೋಸ್‌ನ ಒಂದು ಬೀದಿಗೆ. ಅಲ್ಲಿ ಊಟದ ಮನೆಗಳು ಸಾಲಾಗಿವೆ. ಒಲೆಗಳು ಒಳಗಿಲ್ಲ, ಕಾಲುದಾರಿಯ ಮೇಲೆಯೇ ಇವೆ, ಮತ್ತು ಬೀದಿಯ ತಿರುವಿನಲ್ಲಿರುವಾಗಲೇ ಮೀನಿನೆಣ್ಣೆ ಕೆಂಡಕ್ಕೆ ಬಿದ್ದು ಏಳುವ ಹೊಗೆ ಮೂಗಿಗೆ ಬಡಿಯುತ್ತದೆ.

ಸುಡುವ ಕ್ರಮ ನೋಡಲು ತೀರಾ ಸರಳ. ಮೀನಿನ ಹೊಟ್ಟೆ ಸೀಳುವುದಿಲ್ಲ, ತಲೆ ತೆಗೆಯುವುದಿಲ್ಲ, ಕಲ್ಲುಪ್ಪು ಉದುರಿಸಿ ಇಡಿಯಾಗಿಯೇ ತಂತಿಯ ಜಾಲರಿಯ ಮೇಲೆ ಜೋಡಿಸುತ್ತಾರೆ. ಎಣ್ಣೆ ತೊಟ್ಟಿಕ್ಕಿ ಬೆಂಕಿ ಭಗ್ಗೆಂದಾಗ ಒಲೆಯವನು ಒಂದಿಷ್ಟು ನೀರು ಚಿಮುಕಿಸಿ ಜ್ವಾಲೆಯನ್ನು ತಗ್ಗಿಸುತ್ತಾನೆ, ಏಕೆಂದರೆ ಬೇಯಿಸಬೇಕಾದದ್ದು ಕೆಂಡವೇ ಹೊರತು ಉರಿಯಲ್ಲ. ಜೊತೆಗೆ ಬೇಯಿಸಿದ ಆಲೂಗಡ್ಡೆ, ಸುಟ್ಟು ಸಿಪ್ಪೆ ತೆಗೆದ ದೊಣ್ಣೆಮೆಣಸು, ಆಲಿವ್ ಎಣ್ಣೆ ಮತ್ತು ಮೆಕ್ಕೆಜೋಳದ ಹಿಟ್ಟಿನ ಒರಟು ಬ್ರೆಡ್ಡು. ಸುಟ್ಟು ಕರಕಲಾದ ಚರ್ಮವನ್ನು ಬೆರಳಿನಿಂದ ಸರಿಸಿ, ಮೇಲಿನ ಅರ್ಧವನ್ನು ತಿಂದು, ಬಾಲ ಹಿಡಿದು ಎತ್ತಿದರೆ ನಡುಮುಳ್ಳು ತಲೆಯ ಸಮೇತ ಎದ್ದುಬರುತ್ತದೆ. ಮೀನನ್ನು ಬ್ರೆಡ್ಡಿನ ತುಂಡಿನ ಮೇಲಿಟ್ಟುಕೊಂಡು ತಿನ್ನುವವರೂ ಇದ್ದಾರೆ. ಎಣ್ಣೆಯೆಲ್ಲ ಹೀರಿಕೊಂಡ ಆ ಬ್ರೆಡ್ಡನ್ನು ಕೊನೆಗೆ ತಿನ್ನುವುದೇ ಜಾಣತನ. ನಮ್ಮ ಕರಾವಳಿಯ ಹುಳಿ-ಖಾರದ ಮೀನುಸಾರಾದ ಪುಳಿಮುಂಚಿಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತಿನಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸುವುದು ನಿಜ. ನಮಗೆ ಮೆಣಸಿನಕಾಯಿಯನ್ನು ತಂದುಕೊಟ್ಟ ಜನ ತಮ್ಮ ಸಾರ್ಡೀನಿಗೆ ಮಾತ್ರ ಅದನ್ನು ಮುಟ್ಟಿಸುವುದಿಲ್ಲ ಎನ್ನುವುದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ. ಆದರೆ ಮೀನು ಕೊಬ್ಬಿರುವ ಕಾಲದಲ್ಲಿ ಮಸಾಲೆಯ ಅಗತ್ಯವಿಲ್ಲ ಎನ್ನುವುದನ್ನು ಎರಡನೆಯ ಮೀನಿನ ಹೊತ್ತಿಗೆ ಒಪ್ಪಿಕೊಳ್ಳಲೇಬೇಕಾಗುತ್ತದೆ.

ಕೊಬ್ಬುವ ಕಾಲವೆಂದರೆ ಜೂನ್‌ನಿಂದ ಸುಮಾರು ಅಕ್ಟೋಬರ್‌ವರೆಗೆ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿ ಕರಾವಳಿಯ ಮೇಲ್ನೀರನ್ನು ಹೊರಕ್ಕೆ ತಳ್ಳಿದಾಗ ಆಳದ ತಣ್ಣನೆಯ ನೀರು ಪೋಷಕಾಂಶಗಳೊಂದಿಗೆ ಮೇಲಕ್ಕೆ ಬರುತ್ತದೆ, ಅದರಲ್ಲಿ ಪ್ಲವಕಗಳೆಂಬ ತೇಲುವ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿಂದು ಸಾರ್ಡೀನ್ ಮೈತುಂಬಿಕೊಳ್ಳುತ್ತದೆ. ನಮ್ಮ ಕಡಲಿನಲ್ಲಿ ಮಳೆಗಾಲದ ಗಾಳಿಯಿಂದ ಇಂಥದ್ದೇ ನಡೆಯುತ್ತದೆ. ಮಂಗಳೂರು, ಮಲ್ಪೆಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದೇ ಜೂನ್‌ನಲ್ಲಿ ಅಲ್ಲಿ ಹಬ್ಬ. 23ರ ರಾತ್ರಿ ಪೋರ್ಟೊದಲ್ಲಿ ಸಂತ ಜೊವಾನರ ಹಬ್ಬಕ್ಕೆ ಮನೆಬಾಗಿಲಲ್ಲಿ ಒಲೆ ಹೂಡಿ ಮೀನು ಸುಡುತ್ತಾರೆ, ಅಗ್ಗದ ಮೀನಿಗೂ ಆ ವಾರ ಬೆಲೆ ಏರುತ್ತದೆ.

ಆ ಮೀನು ಅವರ ಕೈತಪ್ಪುವ ಹಂತಕ್ಕೂ ಬಂದಿತ್ತು. ಸಂತತಿ ಎಷ್ಟು ಕುಸಿದಿತ್ತೆಂದರೆ, 2018ರಲ್ಲಿ ಸಾರ್ಡೀನ್ ಹಿಡಿಯಲೇಬಾರದು ಎಂದು ಸಮುದ್ರ ಪರಿಶೋಧನೆಯ ಅಂತರರಾಷ್ಟ್ರೀಯ ಮಂಡಳಿ 2017ರಲ್ಲಿ ಸಲಹೆ ಕೊಟ್ಟಿತು. ಪೂರ್ತಿ ನಿಲ್ಲಿಸದಿದ್ದರೂ ಪೋರ್ಚುಗಲ್ ಮತ್ತು ಸ್ಪೇನ್ ಹಿಡಿಯುವ ಪ್ರಮಾಣವನ್ನು ಬಿಗಿಗೊಳಿಸಿದವು, ಮುಂದಿನ ವರ್ಷಗಳಲ್ಲಿ ಮೀನು ಚೇತರಿಸಿಕೊಂಡಿತು. ಬಡವರ ಮೀನೆಂದು ಯಾರೂ ಅದನ್ನು ಕಡೆಗಣಿಸಲಿಲ್ಲ ಎನ್ನುವುದು ನನಗೆ ಮುಖ್ಯವಾಗಿ ಕಂಡಿತು. ನಮ್ಮಲ್ಲಿ ಅತಿಥಿ ಬಂದರೆ ಅಂಜಲ್ ಇಲ್ಲವೇ ಮಾಂಜಿಯಂಥ ದುಬಾರಿ ಮೀನು ತರಿಸುತ್ತೇವೆ. ಭೂತಾಯಿ ಅಡುಗೆಮನೆಯೊಳಗೇ ಉಳಿಯುತ್ತದೆ, ಉಳಿದದ್ದರಲ್ಲಿ ದೊಡ್ಡ ಪಾಲು ಮೀನುಹಿಟ್ಟಿನ ಕಾರ್ಖಾನೆಗಳ ಪಾಲಾಗುತ್ತದೆ.

ಚಳಿಗಾಲದಲ್ಲಿ ಹೋಗುವವರು ಸಾರ್ಡೀನಿಗೆ ಆಸೆಪಡಬಾರದು, ಆಗ ಸಿಗುವುದು ಬಹುತೇಕ ಫ್ರೀಜರಿನದ್ದು. ಮಾಟೊಸಿನ್ಯೋಸ್‌ನಲ್ಲಿ 1920ರಲ್ಲಿ ಶುರುವಾದ ಪಿನ್ಯಾಯ್ಸ್ ಎಂಬ ಡಬ್ಬಿಮೀನಿನ ಕಾರ್ಖಾನೆ ಇಂದಿಗೂ ಕೈಯಿಂದಲೇ ಮೀನು ಜೋಡಿಸುತ್ತದೆ. ಆ ತಿಂಗಳುಗಳಿಗೆ ಅದೇ ಒಳ್ಳೆಯದು, ಊರಿಗೆ ತರಲೂ ಸುಲಭ. ಬೀದಿಯ ಊಟದ ಮನೆಗಳಲ್ಲಾದರೆ ಮಂಜುಗಡ್ಡೆಯ ಮೇಲೆ ಹರಡಿಟ್ಟ ಮೀನನ್ನು ನೋಡಿ ಆರಿಸಿ. ದೊಡ್ಡ ಮೀನಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಇರುವುದರಿಂದ ಸುಡುವ ಮೊದಲೇ ತೂಗಿಸಿಕೊಳ್ಳಿ. ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡು, ಆಲಿವ್ ಕಾಯಿಗಳಿಗೂ ಬಿಲ್ಲಿನಲ್ಲಿ ದುಡ್ಡು ಸೇರುತ್ತದೆ. ಬೇಡವೆಂದರೆ ಮುಟ್ಟದೆ ವಾಪಸು ಕಳಿಸಬಹುದು, ಅದಕ್ಕೆ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.